ಸಹಾಯಕ್ಕೆ ಫೋನ್ ಮಾಡಲು ಹೆದರುವ ಮನೆಗಳು

ಸೆಪ್ಟೆಂಬರ್‌ನ ಮೊದಲ ಸೋಮವಾರ ಅಮೆರಿಕದಲ್ಲಿ ಲೇಬರ್ ಡೇ ರಜೆ. ಆ ವಾರಾಂತ್ಯ ಜಾರ್ಜಿಯಾ ರಾಜ್ಯದ ಅಟ್ಲಾಂಟದಲ್ಲಿ ಬ್ಲ್ಯಾಕ್ ಪ್ರೈಡ್ ಎಂಬ ಹಬ್ಬ ನಡೆಯುತ್ತದೆ. ದೇಶದ ಎಲ್ಲ ಕಡೆಯಿಂದ ಕಪ್ಪು ಸಮುದಾಯದ ಗೇ ಗಂಡಸರು, ಲೆಸ್ಬಿಯನ್ ಹೆಂಗಸರು, ಟ್ರಾನ್ಸ್ ಜನ ಬಂದು ಸೇರುತ್ತಾರೆ. ಹಗಲು ಪೀಡ್‌ಮಾಂಟ್ ಪಾರ್ಕಿನಲ್ಲಿ ಹಾಡು, ಕುಣಿತ, ಊಟ. ರಾತ್ರಿ ಕ್ಲಬ್. ಕ್ಲಬ್ ಮುಗಿದ ಮೇಲೆ ಕೆಲವರು ಮನೆಗಳಲ್ಲಿ ಸೇರುತ್ತಾರೆ. ಅಂಥ ಮನೆಗಳಲ್ಲಿ ಕೆಲವು ಕಡೆ ನಡೆಯುವುದು ಸೆಕ್ಸ್ ಪಾರ್ಟಿ. ಇದು ಇಲ್ಲಿ ಎಲ್ಲರಿಗೂ ಗೊತ್ತು, ಆದರೆ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ.

ಇಲ್ಲಿನ ಕನ್ನಡದವರೊಬ್ಬರು ನನ್ನನ್ನು ಕೇಳಿದರು, "ಏನಪ್ಪಾ, ಇದೆಲ್ಲ ಕಾನೂನುಬಾಹಿರ ಅಲ್ವಾ? ಪೊಲೀಸರು ಸುಮ್ನೆ ಬಿಡ್ತಾರಾ?" ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ನನಗೆ ಇದು ಮುಖ್ಯವಾದ ಪ್ರಶ್ನೆ. ನಾನು ಹಾಸನದ ಕಡೆಯವನು, ಅಟ್ಲಾಂಟದಲ್ಲಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ನಾನೂ ಗೇ. ಇಲ್ಲಿ ನನ್ನ ಹತ್ತಿರದ ಗೆಳೆಯರಲ್ಲಿ ಜಾಸ್ತಿ ಜನ ಕಪ್ಪು ಅಮೆರಿಕನ್ನರು. ಅವರ ಪ್ರಾಣದ ವಿಷಯ ಇದು.

ಮೊದಲು ಕಾನೂನು. ವಯಸ್ಕರು, ಪರಸ್ಪರ ಒಪ್ಪಿಗೆಯಿಂದ, ಮುಚ್ಚಿದ ಬಾಗಿಲ ಹಿಂದೆ ಸೆಕ್ಸ್ ಮಾಡಿದರೆ ಇಲ್ಲಿ ಸಾಮಾನ್ಯವಾಗಿ ಅದು ಅಪರಾಧವಲ್ಲ. ಇಬ್ಬರಿದ್ದರೂ ಅಷ್ಟೇ, ಹತ್ತು ಜನರಿದ್ದರೂ ಅಷ್ಟೇ. ಆದರೆ ಬಾಗಿಲಲ್ಲಿ ದುಡ್ಡು ತೆಗೆದುಕೊಂಡರೆ ಕಥೆ ಬೇರೆ. ಆಗ ಲೈಸೆನ್ಸ್ ಇಲ್ಲದ ವ್ಯಾಪಾರ ಅನ್ನಬಹುದು, ಮನೆಯಲ್ಲಿ ಮದ್ಯ ಮಾರಿದರು ಅನ್ನಬಹುದು, ವೇಶ್ಯಾವಾಟಿಕೆ ನಡೆಸಿದರು ಅಂತಲೂ ಕೇಸು ಹಾಕಲು ನೋಡಬಹುದು. ಕಿಟಕಿಯಿಂದ ಬೀದಿಗೆ ಕಂಡರೆ ಸಾರ್ವಜನಿಕ ಅಸಭ್ಯತೆ. ಡ್ರಗ್ಸ್ ಸಿಕ್ಕರಂತೂ ಜೈಲು. ಕೆನಡಾದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ, ಯಾರಿಗೂ ಹಾನಿಯಾಗದಿದ್ದರೆ ಖಾಸಗಿ ಕ್ಲಬ್ಬಿನಲ್ಲಿ ಗುಂಪಾಗಿ ಸೇರುವುದು ತಪ್ಪಲ್ಲ ಅಂತ ನೇರವಾಗಿ ಹೇಳಿತು. ಅಮೆರಿಕದಲ್ಲಿ ಅಷ್ಟು ಸ್ಪಷ್ಟ ಮಾತು ಇಲ್ಲ. ಒಂದೊಂದು ರಾಜ್ಯ, ಒಂದೊಂದು ಊರು, ಒಂದೊಂದು ನಿಯಮ.

ಇಷ್ಟರಮಟ್ಟಿನ ಸ್ವಾತಂತ್ರ್ಯವೂ ಸುಲಭಕ್ಕೆ ಬಂದದ್ದಲ್ಲ. 1982ರಲ್ಲಿ ಇದೇ ಅಟ್ಲಾಂಟದಲ್ಲಿ ಮೈಕಲ್ ಹಾರ್ಡ್‌ವಿಕ್ ಎಂಬವರನ್ನು ಅವರ ಮಲಗುವ ಕೋಣೆಯಲ್ಲೇ ಪೊಲೀಸರು ಬಂಧಿಸಿದರು. ಇನ್ನೊಬ್ಬ ಗಂಡಸಿನ ಜೊತೆ ಸೆಕ್ಸ್ ಮಾಡಿದ್ದೇ ಅಪರಾಧ. ಆಗ ಜಾರ್ಜಿಯಾದಲ್ಲಿ ಅದಕ್ಕೆ 20 ವರ್ಷದವರೆಗೆ ಜೈಲು. 1986ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಆ ಕಾನೂನು ಸರಿ ಅಂದಿತು. ಹನ್ನೆರಡು ವರ್ಷಗಳ ನಂತರ, 1998ರಲ್ಲಿ, ಜಾರ್ಜಿಯಾದ್ದೇ ಹೈಯೆಸ್ಟ್ ಕೋರ್ಟು ಅದನ್ನು ರದ್ದು ಮಾಡಿತು. ಅದೇ ವರ್ಷ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಇಂಥದ್ದೇ ಕಾನೂನಿನಡಿ ಜಾನ್ ಲಾರೆನ್ಸ್ ಮತ್ತು ಟೈರನ್ ಗಾರ್ನರ್ ಬಂಧನವಾಯಿತು.

ಈ ಗಾರ್ನರ್ ಬಗ್ಗೆ ನಾನು ಸ್ವಲ್ಪ ನಿಂತು ಹೇಳಬೇಕು. ಅವರು ಕಪ್ಪು ಮನುಷ್ಯ, ಬಡವರು. ಆ ರಾತ್ರಿ ಲಾರೆನ್ಸ್ ಮನೆಗೆ ಪೊಲೀಸರು ಬಂದದ್ದು ಸೆಕ್ಸ್ ವಿಷಯಕ್ಕಲ್ಲ. ಕಪ್ಪು ಗಂಡಸೊಬ್ಬ ಗನ್ ಹಿಡಿದು ಹುಚ್ಚಾಟ ಆಡುತ್ತಿದ್ದಾನೆ ಅಂತ ಒಬ್ಬ ಸುಳ್ಳು ಫೋನ್ ಮಾಡಿದ್ದ. ಗನ್ ಇರಲಿಲ್ಲ. ಆದರೂ ಇಬ್ಬರನ್ನೂ ಹಿಡಿದುಕೊಂಡು ಹೋದರು, ತಲಾ 200 ಡಾಲರ್ ದಂಡ ಬಿತ್ತು. ಅವರು ಪಟ್ಟು ಬಿಡಲಿಲ್ಲ. 2003ರ ಜೂನ್ 26ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಇಡೀ ಅಮೆರಿಕದಲ್ಲಿ ಇಂಥ ಕಾನೂನುಗಳೆಲ್ಲ ಬಿದ್ದುಹೋದವು. ಆ ತೀರ್ಪನ್ನು ಎಲ್ಲರೂ ಲಾರೆನ್ಸ್ ಹೆಸರಿನಿಂದ ಕರೆಯುತ್ತಾರೆ. ಗಾರ್ನರ್ 2006ರಲ್ಲಿ, 39ನೇ ವಯಸ್ಸಿಗೆ ತೀರಿಕೊಂಡರು. ಮಣ್ಣು ಮಾಡಲು ಮನೆಯವರ ಹತ್ತಿರ ದುಡ್ಡಿರಲಿಲ್ಲ. ಈ ದೇಶದ ಪ್ರತಿಯೊಬ್ಬ ಗೇ ಮನುಷ್ಯನೂ ಅವರ ಋಣದಲ್ಲಿದ್ದಾನೆ, ನಾನೂ ಸೇರಿ.

ತೀರ್ಪು ಬಂತು ಅಂದ ಮಾತ್ರಕ್ಕೆ ಪೊಲೀಸರು ಬರುವುದು ನಿಲ್ಲಲಿಲ್ಲ. 2009ರ ಸೆಪ್ಟೆಂಬರ್ 10ರ ರಾತ್ರಿ ಅಟ್ಲಾಂಟ ಈಗಲ್ ಎಂಬ ಗೇ ಬಾರ್ ಮೇಲೆ ದಾಳಿ ಆಯಿತು. ಒಳಗೆ ಸೆಕ್ಸ್ ನಡೆಯುತ್ತದೆ ಅಂತ ಯಾರೋ ದೂರು ಕೊಟ್ಟಿದ್ದರು. 62 ಗಿರಾಕಿಗಳನ್ನು ನೆಲದ ಮೇಲೆ ಮಕಾಡೆ ಮಲಗಿಸಿ ಜೇಬು ತಡಕಿದರು. ಡ್ರಗ್ಸ್ ಸಿಗಲಿಲ್ಲ. ಒಬ್ಬ ಗಿರಾಕಿಯ ಮೇಲೂ ಕೇಸು ನಿಲ್ಲಲಿಲ್ಲ. ಮರುವರ್ಷ ನಗರಸಭೆ 10 ಲಕ್ಷ ಡಾಲರಿಗೂ ಜಾಸ್ತಿ ಪರಿಹಾರ ಕೊಟ್ಟು ರಾಜಿ ಮಾಡಿಕೊಂಡಿತು. ಆ ದಾಳಿಯಲ್ಲಿ ರೆಡ್ ಡಾಗ್ ಎಂಬ ಪೊಲೀಸ್ ತಂಡವೂ ಇತ್ತು. ಕಪ್ಪು ಜನರ ಬಡಾವಣೆಗಳಲ್ಲಿ ದೌರ್ಜನ್ಯಕ್ಕೆ ಅದಾಗಲೇ ಹೆಸರಾಗಿದ್ದ ತಂಡ. 2011ರಲ್ಲಿ ಅದನ್ನು ಮುಚ್ಚಿದರು. ಈಗ ಯೋಚನೆ ಮಾಡಿ. ಬೀದಿಯಲ್ಲಿ ನಡೆದರೂ ಅದೇ ಪೊಲೀಸರು ತಡೆಯುತ್ತಾರೆ, ಬಾರಿಗೆ ಹೋದರೂ ಅವರೇ ಬರುತ್ತಾರೆ. ಕಪ್ಪು ಗೇ ಮನುಷ್ಯನಿಗೆ ಉಳಿದ ಜಾಗ ಮನೆಯೊಂದೇ.

ಮನೆಯಲ್ಲಿ ಸೇರುವ ರೂಢಿ ಹೊಸದೂ ಅಲ್ಲ. 1920ರ ದಶಕದಲ್ಲಿ ಹಾರ್ಲೆಮ್, ಡೆಟ್ರಾಯಿಟ್‌ಗಳಲ್ಲಿ ‘ಬಫೆ ಫ್ಲ್ಯಾಟ್’ ಅಂತ ಇದ್ದವು. ಕಪ್ಪು ಜನರಿಗೆ ಹೋಟೆಲುಗಳಲ್ಲಿ ರೂಮು ಕೊಡದ ಕಾಲ. ಯಾರೋ ಒಬ್ಬರ ಮನೆಯಲ್ಲಿ ಊಟ, ಕುಡಿತ, ಸಂಗೀತ, ಜೂಜು, ಸೆಕ್ಸ್ ಎಲ್ಲ ಸಿಗುತ್ತಿತ್ತು. ಗೇ ಜನರಿಗೂ ಅಲ್ಲಿ ಜಾಗವಿತ್ತು. ಮುಂದೆ 1970ರ ದಶಕದಲ್ಲಿ ಗೇ ಬಾರುಗಳು ಎಲ್ಲ ಕಡೆ ತೆರೆದಾಗಲೂ ಬಾಗಿಲಲ್ಲಿ ಬಿಳಿಯರಿಗೆ ಒಂದು ನಿಯಮ, ಕಪ್ಪು ಜನರಿಗೆ ಇನ್ನೊಂದು. ಬಿಳಿಯರು ಹಾಗೇ ಒಳಗೆ ಹೋಗುತ್ತಿದ್ದರು. ಇವರನ್ನು ಮಾತ್ರ ಎರಡು ಮೂರು ಗುರುತಿನ ಚೀಟಿ ಕೇಳಿ ವಾಪಸ್ ಕಳಿಸುತ್ತಿದ್ದರು. ಅದಕ್ಕೇ ವಾಷಿಂಗ್ಟನ್‌ನಲ್ಲಿ ಕಪ್ಪು ಗೇ ಜನ 1975ರಲ್ಲಿ ಕ್ಲಬ್‌ಹೌಸ್ ಎಂಬ ತಮ್ಮದೇ ಕುಣಿತದ ಜಾಗ ಮಾಡಿಕೊಂಡರು. ಏಡ್ಸ್ ಬಂದಾಗ, ಮೊದಲ ವರ್ಷಗಳಲ್ಲಿ ಆಸರೆಯಾದದ್ದೂ ಅದೇ ಕುಣಿತದ ಮನೆ. ‘ಅಸ್ ಹೆಲ್ಪಿಂಗ್ ಅಸ್’ ಎಂಬ ಸಂಸ್ಥೆ 1985ರಲ್ಲಿ ಹುಟ್ಟಿದ್ದು ಅಲ್ಲೇ. ಇವತ್ತಿಗೂ ಕಪ್ಪು ಗೇ ಗಂಡಸರ ಆರೋಗ್ಯಕ್ಕಾಗಿ ಅದು ಕೆಲಸ ಮಾಡುತ್ತಿದೆ. ಮೋಜಿಗೆ ಸೇರುವ ಜಾಗವೇ ಆರೈಕೆಯ ಜಾಗವೂ ಆಗಬಹುದು ಅಂತ ನಾನು ನಂಬುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ನನ್ನ ಗೆಳೆಯನ ಮನೆ. ಹೆಸರು ಬೇಡ. ಅವನು ವರ್ಷಕ್ಕೆ ಕೆಲವು ಸಲ ಇಂಥ ಪಾರ್ಟಿ ಮಾಡುತ್ತಾನೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಒಮ್ಮೆ ಸಂಜೆ ತಯಾರಿಗೆ ಸಹಾಯ ಮಾಡಲು ಹೋಗಿದ್ದೆ. ಬಾಗಿಲ ಪಕ್ಕ ಒಂದು ಮೇಜು. ಅದರ ಮೇಲೆ ಫೋನ್ ಹಾಕಿಡಲು ಕವರುಗಳು, ಪ್ರತಿ ಕವರಿಗೂ ನಂಬರ್. ಯಾರೂ ಫೋಟೊ ತೆಗೆಯಬಾರದು, ಆಮೇಲೆ ಯಾರನ್ನೂ ಬೆದರಿಸಬಾರದು ಅಂತ. ಪಕ್ಕದಲ್ಲಿ ಐಡಿ ನೋಡುವ ಹುಡುಗ, 21 ತುಂಬದವರಿಗೆ ಪ್ರವೇಶವಿಲ್ಲ. ಸೀಲ್ ಒಡೆಯದ ನೀರಿನ ಬಾಟಲಿಗಳು. ತೆರೆದ ಗ್ಲಾಸಿನಲ್ಲಿ ಏನೂ ಕೊಡುವುದಿಲ್ಲ, ಯಾರಾದರೂ ಏನಾದರೂ ಬೆರೆಸಿಯಾರು ಅಂತ. ಕಾಂಡೋಮ್, ಕೈ ಒರೆಸುವ ಟಿಶ್ಯೂ. ಒಂದು ಬುಟ್ಟಿಯಲ್ಲಿ ಮೂಗಿಗೆ ಸಿಂಪಡಿಸುವ ನಾರ್ಕಾನ್. ಡ್ರಗ್ಸ್‌ನಲ್ಲಿ ಫೆಂಟನಿಲ್ ಎಂಬ ಅತಿ ತೀಕ್ಷ್ಣ ಮದ್ದು ಸೇರಿ ಉಸಿರು ನಿಂತರೆ ಅದು ಜೀವ ಉಳಿಸುತ್ತದೆ. 2023ರಿಂದ ಚೀಟಿ ಇಲ್ಲದೆ ಸಿಗುತ್ತದೆ, ನನ್ನ ಅಂಗಡಿಯಲ್ಲೂ ಇದೆ. ಇಬ್ಬರು ರಾತ್ರಿಯಿಡೀ ಕುಡಿಯದೆ ಎಚ್ಚರವಿರಬೇಕು, ಅದು ಅವರ ಪಾಳಿ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ನಿಯಮಗಳು. ಕೇಳದೆ ಮುಟ್ಟಬೇಡಿ. ಬೇಡ ಅಂದರೆ ಬೇಡವೇ. ಕುಡಿದು ತೂರಾಡುವವನ ‘ಹೂಂ’ ಅನ್ನು ಹೂಂ ಅಂತ ಲೆಕ್ಕ ಮಾಡಬೇಡಿ.

ನಾನು ಕೇಳಿದೆ, "ಇಷ್ಟೆಲ್ಲ ಮಾಡ್ತೀಯಲ್ಲ, ಯಾರಾದ್ರೂ ಬಿದ್ದುಹೋದ್ರೆ ತುರ್ತು ಸಹಾಯದ 911ಕ್ಕೆ ಫೋನ್ ಮಾಡ್ತೀಯಾ?" ಅವನು ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ "ಮಾಡ್ತೀನಿ. ಆದರೆ ಬರೋರು ಯಾರು ಅಂತ ಹೆದರಿಕೆ ಇದ್ದೇ ಇರುತ್ತೆ" ಅಂದ. ನನಗೆ ಈ ವಿಷಯದಲ್ಲಿ ಹೇಳಬೇಕಾಗಿರುವುದೆಲ್ಲ ಅವನ ಆ ಮಾತಿನಲ್ಲಿದೆ. ಜಾರ್ಜಿಯಾದಲ್ಲಿ 2014ರಿಂದ ಒಂದು ಕಾನೂನಿದೆ. ಓವರ್‌ಡೋಸ್ ಆದವರಿಗಾಗಿ ಸಹಾಯ ಕೇಳಿದವರ ಮೇಲೆ, ಹತ್ತಿರ ಸ್ವಲ್ಪ ಡ್ರಗ್ಸ್ ಇತ್ತು ಅಂತ ಕೇಸು ಹಾಕುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಅದು ಎಷ್ಟು ಜನರಿಗೆ ಗೊತ್ತು? ಗೊತ್ತಿದ್ದರೂ ಗಾರ್ನರ್ ಕಥೆ ಕೇಳಿ ಬೆಳೆದವರು ಅದನ್ನು ನಂಬಬೇಕಲ್ಲ.

ಅಂಥ ನಂಬಿಕೆ ಯಾಕೆ ಹುಟ್ಟುವುದಿಲ್ಲ ಅಂತ ಲಾಸ್ ಏಂಜಲೀಸ್ ಪಕ್ಕದ ವೆಸ್ಟ್ ಹಾಲಿವುಡ್‌ನಲ್ಲಿ ಎಲ್ಲರೂ ನೋಡಿದ್ದಾರೆ. ಎಡ್ ಬಕ್ ಎಂಬ ಶ್ರೀಮಂತ ಬಿಳಿಯ, ರಾಜಕಾರಣಿಗಳಿಗೆ ದೇಣಿಗೆ ಕೊಡುವವನು. ದುಡ್ಡು ಕೊಟ್ಟು ಕಪ್ಪು ಗಂಡಸರನ್ನು ಮನೆಗೆ ಕರೆಸಿ ಮೆಥ್ ಎಂಬ ಡ್ರಗ್ ಚುಚ್ಚುತ್ತಿದ್ದ. 2017ರ ಜುಲೈನಲ್ಲಿ ಜೆಮೆಲ್ ಮೂರ್ ಅಲ್ಲಿ ಸತ್ತರು. ಆಕಸ್ಮಿಕ ಸಾವು ಅಂತ ಬರೆದು ಕೈತೊಳೆದುಕೊಂಡರು. ಅವರ ತಾಯಿ ನ್ಯಾಯಕ್ಕಾಗಿ ಕೂಗಿದರೂ ಕೇಸು ಆಗಲಿಲ್ಲ. 2019ರ ಜನವರಿಯಲ್ಲಿ ಅದೇ ಮನೆಯಲ್ಲಿ ಟಿಮೊತಿ ಡೀನ್ ಸತ್ತರು. ಬಕ್‌ನನ್ನು ಬಂಧಿಸಿದ್ದು ಆ ಸೆಪ್ಟೆಂಬರ್‌ನಲ್ಲಿ, ಮೂರನೆಯವರೊಬ್ಬರು ಹೇಗೋ ತಪ್ಪಿಸಿಕೊಂಡು ಬಂದು ಹೇಳಿದ ಮೇಲೆ. 2022ರಲ್ಲಿ 30 ವರ್ಷ ಶಿಕ್ಷೆಯಾಯಿತು. ಯಾರಿಗೂ ಹಾನಿ ಮಾಡದ 62 ಜನರ ಮೇಲೆ ಒಂದು ರಾತ್ರಿಯಲ್ಲಿ ದಾಳಿ ಮಾಡಬಲ್ಲ ದೇಶಕ್ಕೆ, ಒಬ್ಬ ಕಪ್ಪು ಹುಡುಗ ಸತ್ತ ಮನೆಗೆ ಬೀಗ ಹಾಕಲು ಎರಡು ವರ್ಷ ಬೇಕಾಯಿತು. ಇದು ನನಗೆ ಇವತ್ತಿಗೂ ನುಂಗಲಾರದ ತುತ್ತು.

ಕಾಯಿಲೆಯ ಮಾತಿಗೆ ಬಂದರೆ, ಜನ ಮೊದಲು ಹೇಳುವುದು "ಇಂಥ ಪಾರ್ಟಿಗಳಿಂದಲೇ ಎಚ್‌ಐವಿ ಹರಡುವುದು" ಅಂತ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2016ರಲ್ಲಿ ಹೇಳಿದ ಲೆಕ್ಕ ಭಯ ಹುಟ್ಟಿಸುವಂಥದ್ದೇ. ಅಂದಿನ ಪರಿಸ್ಥಿತಿ ಹಾಗೇ ಮುಂದುವರಿದರೆ ಇಬ್ಬರು ಕಪ್ಪು ಗೇ ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಚ್‌ಐವಿ ತಗಲುತ್ತದೆ. ಬಿಳಿಯರಲ್ಲಿ ಇದು 11ರಲ್ಲಿ ಒಬ್ಬರಿಗೆ. ಆದರೆ ಕಾರಣ ನಡತೆಯಲ್ಲ. ಸಂಶೋಧಕ ಗ್ರೆಗ್ ಮಿಲೆಟ್ ಮತ್ತು ಜೊತೆಯವರು ಎಷ್ಟೋ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಪ್ಪು ಗೇ ಗಂಡಸರು ಬಿಳಿಯರಿಗಿಂತ ಜಾಸ್ತಿ ಅಪಾಯಕ್ಕೆ ಒಡ್ಡಿಕೊಳ್ಳುವುದಿಲ್ಲ. ಅವರಿಗೆ ಸಿಗದೇ ಹೋಗುವುದು ವಿಮೆ, ಡಾಕ್ಟರು, ಔಷಧಿ.

ಅದು ನನ್ನ ಕೌಂಟರಿನಲ್ಲೇ ಕಾಣುತ್ತದೆ. ದಿನಕ್ಕೊಂದು ಪ್ರೆಪ್ ಮಾತ್ರೆ ತಪ್ಪದೆ ನುಂಗಿದರೆ ಸೆಕ್ಸ್‌ನಿಂದ ಎಚ್‌ಐವಿ ತಗಲುವ ಸಾಧ್ಯತೆ ಶೇ 99ರಷ್ಟು ಕಡಿಮೆ. 2012ರಿಂದ ಇದೆ. ಈಗ ಜೆನೆರಿಕ್ ಬಂದು ಬೆಲೆಯೂ ಬಿದ್ದಿದೆ, ಆರು ತಿಂಗಳಿಗೊಂದು ಇಂಜೆಕ್ಷನ್ ಕೂಡ 2025ರಲ್ಲಿ ಬಂತು. ಆದರೆ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಬೇಕು, ಡಾಕ್ಟರ ಚೀಟಿ ಬೇಕು. ವಿಮೆ ಇಲ್ಲದ ಹುಡುಗ ಎರಡನೇ ಸಲ ಬರುವುದಿಲ್ಲ. ಜಾರ್ಜಿಯಾ ಬಡವರ ಮೆಡಿಕೇಡ್ ವಿಮೆಯನ್ನು ಪೂರ್ತಿಯಾಗಿ ವಿಸ್ತರಿಸಲೇ ಇಲ್ಲ. ಕಾಂಡೋಮ್ ಹರಿದರೆ 72 ಗಂಟೆಯೊಳಗೆ ಪೆಪ್ ಎಂಬ, ಸೋಂಕು ತಡೆಯುವ ತುರ್ತು ಔಷಧಿ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಶನಿವಾರ ರಾತ್ರಿ ಆದದ್ದನ್ನು ಬುಧವಾರ ಬಂದು ಪಿಸುಮಾತಿನಲ್ಲಿ ಹೇಳುವವರನ್ನು ನೋಡಿದ್ದೇನೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹೆದರಿಸುವುದನ್ನು ಬಿಟ್ಟು ಜನರಿದ್ದಲ್ಲಿಗೇ ಹೋದರೆ ಏನಾಗುತ್ತದೆ ಅಂತ 2022ರಲ್ಲಿ ಕಂಡಿತು. ಮಂಕಿಪಾಕ್ಸ್ ಬಂದಿತ್ತು, ಕಪ್ಪು ಗೇ ಗಂಡಸರಲ್ಲಿ ಜಾಸ್ತಿ. ಸರ್ಕಾರ ಬ್ಲ್ಯಾಕ್ ಪ್ರೈಡ್ ರದ್ದು ಮಾಡಿಸಲಿಲ್ಲ. ಸಾವಿರಾರು ಡೋಸ್ ಲಸಿಕೆಯನ್ನು ಅಟ್ಲಾಂಟಕ್ಕೆ ಕಳಿಸಿ, ಪ್ರೈಡ್ ನಡೆಯುವಲ್ಲೇ ಹಾಕಿಸಿತು. ಯಾರ ಜೊತೆ ಮಲಗಿದ್ದೆ ಅಂತ ಯಾರೂ ಬೈಯಲಿಲ್ಲ. ಜನ ಸಾಲಾಗಿ ನಿಂತು ತೋಳು ಕೊಟ್ಟರು. ಅದೇ ವರ್ಷ ಜಾರ್ಜಿಯಾ ತನ್ನ ಎಚ್‌ಐವಿ ಕಾನೂನನ್ನೂ ಸಡಿಲಿಸಿತು. ಮೊದಲು, ಸೋಂಕಿದೆ ಅಂತ ಹೇಳದಿದ್ದರೆ ಸಾಕು, ಯಾರಿಗೂ ಹರಡದಿದ್ದರೂ 10 ವರ್ಷ ಜೈಲು ಆಗಬಹುದಿತ್ತು. ಈಗ ಹರಡುವ ಉದ್ದೇಶ ಇತ್ತು ಅಂತ ಸಾಬೀತಾಗಬೇಕು, ಶಿಕ್ಷೆ ಗರಿಷ್ಠ 5 ವರ್ಷ. ಪರೀಕ್ಷೆ ಮಾಡಿಸಿಕೊಂಡರೆ ಅಪರಾಧಿಯಾಗುತ್ತೇನೆ ಅನ್ನುವ ಭಯ ಸ್ವಲ್ಪವಾದರೂ ಇಳಿದಿದೆ.

ಊರಿನ ಮಾತು ಇಲ್ಲಿ ಬರಲೇಬೇಕು. 2013ರ ನವೆಂಬರ್‌ನಲ್ಲಿ ನಮ್ಮ ಹಾಸನದಲ್ಲಿ ಪೊಲೀಸರು ಹತ್ತಕ್ಕೂ ಜಾಸ್ತಿ ಗಂಡಸರನ್ನು, ಸಲಿಂಗ ಸೆಕ್ಸ್ ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಅಡಿಯಲ್ಲಿ ಬಂಧಿಸಿದರು. ಸುದ್ದಿ ನೋಡಿ ನನ್ನ ಕೈಕಾಲು ತಣ್ಣಗಾದವು. ಅವರಲ್ಲಿ ಸಣ್ಣಪುಟ್ಟ ಕೆಲಸ ಮಾಡುವವರು, ಮದುವೆಯಾದವರು ಇದ್ದರು. 2018ರ ಸೆಪ್ಟೆಂಬರ್ 6ರ ಭಾರತದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಂಥ ಬಂಧನಕ್ಕೆ ಕಾನೂನಿನ ಆಧಾರವಿಲ್ಲ. ಆದರೆ ಬೆಂಗಳೂರಿನಲ್ಲಿ ಹತ್ತು ಜನ ಗೇ ಹುಡುಗರು ಒಂದು ಫ್ಲ್ಯಾಟಿನಲ್ಲಿ ಸೇರಿದರೆ, ಪಕ್ಕದ ಮನೆಯವರು ದೂರು ಕೊಟ್ಟರೆ, ಟೀವಿಯಲ್ಲಿ ‘ರೇವ್ ಪಾರ್ಟಿ’ ಅಂತ ಬರಲು ಎಷ್ಟು ಹೊತ್ತು? ಮುಖ ತೋರಿಸಿದ ಮೇಲೆ ಕೋರ್ಟಿನಲ್ಲಿ ಗೆದ್ದರೂ ಮನೆಯಲ್ಲಿ ಸೋತಂತೆಯೇ. ಅಟ್ಲಾಂಟದ ನನ್ನ ಗೆಳೆಯನಿಗೆ ಬಣ್ಣದ ಭಾರ, ನಮ್ಮ ಹುಡುಗರಿಗೆ ಮನೆಮರ್ಯಾದೆ, ಜಾತಿ, ಬಡತನದ ಭಾರ. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಯಾರಾದರೂ ಬಿದ್ದಾಗ ಫೋನ್ ಹಿಡಿದ ಕೈ ನಡುಗುವುದು ಎರಡೂ ಕಡೆ ಇದೆ.

ಅದಕ್ಕೇ ಒಂದು ಮಾತು ಕೇಳುತ್ತೇನೆ. ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸರು ತೊಂದರೆ ಕೊಡಬಾರದು ಅಂತ ಕರ್ನಾಟಕ 2016ರಲ್ಲೇ ಮಸೂದೆ ಒಪ್ಪಿತು, 2018ರಲ್ಲಿ ಅದು ಕಾಯ್ದೆಯಾಯಿತು. ಪಾರ್ಟಿಯಲ್ಲಿ ಉಸಿರು ಕಟ್ಟಿದ ಗೆಳೆಯನನ್ನು ಹೊತ್ತುಕೊಂಡು ಬಂದವನಿಗೂ, ಅವನ ಹತ್ತಿರ ಏನು ಸಿಕ್ಕಿತು ಅಂತ ನೋಡದೆ, ಅದೇ ರಕ್ಷಣೆ ಕೊಡಲಿ. ಪ್ರೆಪ್ ಮಾತ್ರೆಯನ್ನು ಭಾರತದ ಕಂಪನಿಗಳೇ ಮಾಡುತ್ತವೆ. ಅದನ್ನು ಜಿಲ್ಲಾಸ್ಪತ್ರೆಗಳಲ್ಲಿ, ಹೆಸರು ಕೇಳಿ ಮುಜುಗರ ಮಾಡದೆ, ಉಚಿತವಾಗಿ ಕೊಡಲಿ. ಹಾಸನದಿಂದಲೇ ಶುರು ಮಾಡಲಿ.