5ಜಿ ಟವರ್‌ನಿಂದ ಜಿಪಿಎಸ್ ಕೆಡುತ್ತದೆಯೇ? ಒಂದು ಸ್ಪಷ್ಟನೆ

‘5ಜಿ ಸಿಗ್ನಲ್ ಜಿಪಿಎಸ್‌ಗೆ ಅಡ್ಡ ಬರುವುದರಿಂದಲೇ ಬೆಳೆ ಸಮೀಕ್ಷೆಯ ಆ್ಯಪ್ ಪಕ್ಕದವರ ಸರ್ವೆ ನಂಬರ್ ತೋರಿಸುತ್ತಿದೆ, ಡೇಟಾ ಬಂದ್ ಮಾಡಿ ಫೋಟೊ ತೆಗೆಯಿರಿ’ ಎಂಬ ಸಂದೇಶ ಸಿಂಧನೂರು ಭಾಗದ ರೈತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಜಿಪಿಎಸ್ ಉಪಗ್ರಹಗಳ ಮುಖ್ಯ ನಾಗರಿಕ ಸಂಕೇತ ಬರುವುದು 1575.42 ಮೆಗಾಹರ್ಟ್ಸ್‌ನಲ್ಲಿ, ನಮ್ಮಲ್ಲಿ 5ಜಿಗೆ ಬಳಕೆಯಾಗುವ 700 ಮತ್ತು 3300 ಮೆಗಾಹರ್ಟ್ಸ್ ಪಟ್ಟಿಗಳು ಅದರಿಂದ ಬಹಳ ದೂರದಲ್ಲಿವೆ. ಸಂಕೇತಗಳ ಘರ್ಷಣೆ ಎಂಬುದೇ ಇಲ್ಲವೆಂದಲ್ಲ. ಮೊಬೈಲ್ ಇರುವ ಜಾಗವನ್ನು ಗುರುತಿಸಲೆಂದೇ ಟವರ್‌ಗಳು ಕಳಿಸುವ ಪ್ರತ್ಯೇಕ ಸಂಕೇತಗಳು ಒಂದೇ ಕ್ಷಣಕ್ಕೆ, ಒಂದೇ ತರಂಗಾಂತರದಲ್ಲಿ ಬಂದರೆ, ಹತ್ತಿರದ ಟವರ್‌ನ ಜೋರಿನಲ್ಲಿ ದೂರದ್ದು ಮುಳುಗಿಹೋಗುತ್ತದೆ. ಆದ್ದರಿಂದ ಒಂದು ಕಳಿಸುವಾಗ ಇನ್ನೊಂದು ಸುಮ್ಮನಿರುವ ಸರದಿಗೆ 4ಜಿ, 5ಜಿ ಮಾನದಂಡಗಳಲ್ಲೇ ಅವಕಾಶ ಕಲ್ಪಿಸಲಾಗಿದೆ. ಈ ಹೊಂದಾಣಿಕೆ ನಡೆಯುವುದು ಟವರ್‌ಗಳ ನಡುವೆ, ಜಿಪಿಎಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಬಯಲಿನಲ್ಲಿಯೂ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದು ಸಹಜ, ಭತ್ತದ ಗದ್ದೆಯ ಬದುವಾದರೋ ಒಂದೆರಡು ಹೆಜ್ಜೆಯಷ್ಟೇ ಅಗಲ. ಬೇವಿನ ಮರದಡಿ ನಿಂತರೆ ತಪ್ಪು ಇನ್ನೂ ಹೆಚ್ಚುತ್ತದೆ. ಡೇಟಾ ಬಂದ್ ಮಾಡುವ ಸಲಹೆಯಂತೂ ತಿರುಗುಬಾಣವೇ ಸರಿ, ಏಕೆಂದರೆ ಉಪಗ್ರಹಗಳನ್ನು ಬೇಗ ಹುಡುಕಲು ಬೇಕಾದ ಮಾಹಿತಿ ಮೊಬೈಲಿಗೆ ನೆಟ್‌ವರ್ಕ್‌ನಿಂದಲೇ ಸಿಗುತ್ತದೆ. ಬದು ಬಿಟ್ಟು ಹೊಲದ ನಡುವೆ ನಿಂತು, ನಕ್ಷೆಯ ಮೇಲಿನ ನೀಲಿ ವೃತ್ತ ಕುಗ್ಗುವವರೆಗೆ ಕಾದು, ಆಮೇಲೆ ಫೋಟೊ ತೆಗೆಯಿರಿ.