ಡಬ್ಬಿ ಎಷ್ಟಾದರೂ ಇರಲಿ, ಟೇಬಲ್ ಎಲ್ಲಿದೆ?

ಪ್ಲಾಸ್ಟಿಕ್ ಮಾಡೆಲ್ ಕಿಟ್, ಅಂದರೆ ಬಿಡಿಭಾಗ ಅಂಟಿಸಿ ಬಣ್ಣ ಹಚ್ಚಿ ಕಟ್ಟುವ ಪುಟ್ಟ ವಿಮಾನ, ಟ್ಯಾಂಕುಗಳ ಹುಚ್ಚು ಇರುವವರ ಮನೆಗೆ ನೆಂಟರು ಬಂದರೆ ಕೇಳುವುದು ಒಂದೇ ಪ್ರಶ್ನೆ. "ಇಷ್ಟೊಂದು ತಂದಿಟ್ಟಿದೀರಲ್ಲ, ಇದನ್ನೆಲ್ಲ ಯಾವಾಗ ಮಾಡ್ತೀರ?" ನಮ್ಮ ಮನೆಯಲ್ಲಿ ಅಟ್ಟದ ಮೇಲೆ, ಬೀರುವಿನ ಮೇಲೆ, ದಿವಾನದ ಕೆಳಗೆ ಎಲ್ಲ ಕಡೆ ಡಬ್ಬಿಗಳೇ. ವಿಮಾನ, ಟ್ಯಾಂಕ್, ಒಂದೆರಡು ಹಡಗು. ಈ ಜನ್ಮಕ್ಕೆ ಮುಗಿಯಲ್ಲ ಅಂತ ನನಗೂ ಗೊತ್ತು. ಬೀರು ತುಂಬ ಉಡದ ರೇಷ್ಮೆ ಸೀರೆ ಇರುವ ಮನೆಯಲ್ಲಿ ಮಾತ್ರ ಈ ಪ್ರಶ್ನೆಯನ್ನು ಯಾರೂ ಕೇಳಲ್ಲ, ಅಲ್ವಾ?

ಕಿಟ್ ಕೊಳ್ಳುವುದೇ ಒಂದು ಹವ್ಯಾಸ, ಕಟ್ಟುವುದು ಇನ್ನೊಂದು. ಡಬ್ಬಿ ಬಿಚ್ಚಿ, ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟುಗಳನ್ನು (ಸ್ಪ್ರೂ) ಬೆಳಕಿಗೆ ಹಿಡಿದು, ರೆಕ್ಕೆಯ ಮೇಲಿನ ಸಣ್ಣ ಗೆರೆಗಳನ್ನು ನೋಡಿ ವಾಪಸ್ ಮುಚ್ಚಿಡುವುದರಲ್ಲೂ ಒಂದು ಖುಷಿ ಇದೆ. ಅದನ್ನು ಯಾಕೆ ಬೇಡ ಅನ್ನಬೇಕು?

ಆದರೆ "ಈಗ ತಗೊಳ್ಳದಿದ್ರೆ ಮತ್ತೆ ಸಿಗಲ್ಲ" ಅನ್ನುವ ಮಾತನ್ನು ನಾನು ಅಷ್ಟಾಗಿ ನಂಬಲ್ಲ. ಕಿಟ್ ಕಂಪನಿಗಳಿಗೆ ದೊಡ್ಡ ಖರ್ಚು ಉಕ್ಕಿನ ಅಚ್ಚಿನದು. ಒಮ್ಮೆ ಅಚ್ಚು ಮಾಡಿಸಿದ ಮೇಲೆ ಡಬ್ಬಿ ಚಿತ್ರ, ಡೆಕಾಲ್ (ಮಾಡೆಲ್ ಮೇಲೆ ಅಂಟಿಸುವ ಗುರುತು, ನಂಬರುಗಳು) ಬದಲಿಸಿ ಅದನ್ನೇ ಮತ್ತೆ ಮತ್ತೆ ಮಾರುತ್ತಾರೆ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ಹಳೇ ಅಚ್ಚುಗಳು ದಶಕಗಳ ಕಾಲ ಓಡಿವೆ. ನಿಜವಾಗಿ ಕಾಯದೇ ಇರುವುದು ಡೆಕಾಲ್. ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ಆ ತೆಳು ಹಾಳೆ ವರ್ಷ ಕಳೆದಂತೆ ಹಳದಿಯಾಗುತ್ತೆ, ನೀರಿಗೆ ಹಾಕಿದ ಕೂಡಲೇ ಚೂರು ಚೂರಾಗುತ್ತೆ. ಹಳದಿಯಾದದ್ದನ್ನು ಕಿಟಕಿ ಗಾಜಿಗೆ ಟೇಪ್ ಹಾಕಿ ಕೆಲವು ದಿನ ಬಿಸಿಲಿಗೆ ಬಿಟ್ಟರೆ ಬಹಳಷ್ಟು ಸಲ ಬೆಳ್ಳಗಾಗುತ್ತೆ. ತುಮಕೂರಿನ ಮಾರ್ಚ್ ಬಿಸಿಲಿನ ಒಂದೇ ಉಪಯೋಗ ಅದು. ಚೂರಾಗುವಂಥದ್ದಕ್ಕೆ ಮೊದಲೇ ಒಂದು ಕೋಟು ಹೊಳಪಿನ (ಗ್ಲಾಸಿ) ವಾರ್ನಿಶ್ ಹೊಡೆದರೆ ಬಚಾವ್.

ಮತ್ತೆ "ರಿಟೈರ್ ಆದ ಮೇಲೆ ಮಾಡ್ತೀನಿ" ಅನ್ನುವವರು. 1/72 ಸ್ಕೇಲಿನ, ಅಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲು ಅಳತೆಯ ಮಿಗ್-21 ಯುದ್ಧವಿಮಾನ ಹೆಚ್ಚೂ ಕಮ್ಮಿ ಒಂದು ಗೇಣು ಉದ್ದ. ಅದರ ಕಾಕ್‌ಪಿಟ್ ಒಳಗೆ ಪೈಲಟ್ ಹಿಡಿಯುವ ಕಡ್ಡಿ ಎಳ್ಳಿಗಿಂತ ತೆಳ್ಳಗೆ. ಚಾಳೀಸು ಬಂದ ಮೇಲೆ ಅದನ್ನು ಚಿಮಟದಲ್ಲಿ ಹಿಡಿಯೋಕೆ ಆಗುತ್ತಾ ನೋಡಿ. 1963ರಿಂದ ನಮ್ಮ ವಾಯುಪಡೆಯಲ್ಲಿದ್ದ ಮಿಗ್-21 2025ರ ಸೆಪ್ಟೆಂಬರ್ 26ರಂದು ನಿವೃತ್ತಿಯಾಯಿತು. ಅದಾದ ಮೇಲೆ ನಾನೂ ಚೆಕ್ ದೇಶದ ಎಡ್ವರ್ಡ್ ಕಂಪನಿಯ ಒಂದು ಕಿಟ್ ತರಿಸಿದೆ. ವಿಮಾನವೇ ರಿಟೈರ್ ಆಯ್ತು, ಕಿಟ್ ಇನ್ನೂ ಡಬ್ಬಿಯಲ್ಲೇ ಇದೆ.

ನನ್ನ ಪ್ರಕಾರ ಕಿಟ್ ಮುಗಿಯದೇ ಇರುವುದಕ್ಕೆ ಡಬ್ಬಿ ಜಾಸ್ತಿ ಇರುವುದು ಕಾರಣ ಅಲ್ಲ. ಟೇಬಲ್ ಇಲ್ಲದಿರುವುದು ಕಾರಣ. ನಮ್ಮಲ್ಲಿ ಮುಕ್ಕಾಲು ಜನ ಊಟದ ಟೇಬಲ್ ಮೇಲೆ ಪೇಪರ್ ಹಾಸಿಕೊಂಡು ಕೂರುವವರು. ಈ ಕೆಲಸದ ಸ್ವಭಾವ ನೋಡಿ. ಕಿಟ್ ಜೋಡಿಸುವ ನೀರಿನಂಥ ದ್ರವವನ್ನು (ಇದಕ್ಕೆ ಸಿಮೆಂಟ್ ಅಂತಲೇ ಹೆಸರು) ಬ್ರಶ್‌ನಲ್ಲಿ ಸಂದಿಗೆ ಸುಮ್ನೆ ಮುಟ್ಟಿಸಿದರೆ ಸಾಕು, ತಾನೇ ಒಳಗೆ ಹರಿದು ಹೋಗುತ್ತೆ. ಅದು ಗೋಂದಿನ ಥರ ಅಂಟಿಸುವುದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಭಾಗವನ್ನೂ ಒಂದು ಮಾಡುವುದು. ಗಟ್ಟಿಯಾಗೋಕೆ ರಾತ್ರಿಯೆಲ್ಲ ಅಲುಗಾಡದೆ ಇರಬೇಕು. ಪ್ರೈಮರ್, ಬಣ್ಣ, ವಾರ್ನಿಶ್, ಒಂದೊಂದು ಕೋಟಿನ ನಡುವೆಯೂ ಕಾಯಬೇಕು. ಎಂಟು ಗಂಟೆಗೆ ಒಳಗಿಂದ "ರೀ, ತಟ್ಟೆ ಹಾಕಬೇಕು, ಎತ್ತಿಡ್ರಿ" ಅಂತ ಕೂಗು ಬಂದರೆ ಕೆಲಸ ಅಲ್ಲಿಗೆ ಮುಗೀತು. ಎತ್ತಿಟ್ಟ ಕಿಟ್ಟನ್ನು ಮತ್ತೆ ಹರಡುವುದಕ್ಕೇ ಅರ್ಧ ಗಂಟೆ ಬೇಕು, ಅಷ್ಟು ಹೊತ್ತಿದ್ದರೆ ಮೊಬೈಲಲ್ಲಿ ಹೊಸ ಕಿಟ್ ಹುಡುಕುವುದೇ ಸುಲಭ. ಅಟ್ಟ ತುಂಬುವುದು ಹೀಗೆ.

ಟೇಬಲ್ ಹೇಗಿರಬೇಕು ಅಂತ ತಿಳಿಯೋಕೆ ದೊಡ್ಡ ಸ್ಟುಡಿಯೋ ವಿಡಿಯೋ ನೋಡುವುದು ಬೇಡ. ಚಿಕ್ಕಪೇಟೆಯಲ್ಲಿ ಯಾವುದಾದರೂ ಅಕ್ಕಸಾಲಿಗರ ಅಂಗಡಿ ಮುಂದೆ ಎರಡು ನಿಮಿಷ ನಿಂತುಕೊಳ್ಳಿ. ಕೂತಲ್ಲಿಂದ ಏಳದೆ ಎಲ್ಲ ಕೈಗೆ ಸಿಗುತ್ತೆ. ದೀಪ ತಲೆಗೆ ತಾಗುವಷ್ಟು ಹತ್ತಿರ. ಅರ್ಧ ಆದ ಕೆಲಸ ಅಲ್ಲೇ ಇರುತ್ತೆ, ನಾಳೆ ಬೆಳಗ್ಗೆ ಬಂದು ಅಲ್ಲಿಂದಲೇ ಶುರು. ಅಷ್ಟೇ ಬೇಕಾಗಿರುವುದು. ಬಾಲ್ಕನಿ ಪಕ್ಕದ ಮೂಲೆಯಲ್ಲಿ ಎರಡಡಿ ಪ್ಲೈವುಡ್ ಹಲಗೆ, ಮೇಲೆ ಗಾಜಿನ ಅಂಗಡಿಯವರು ಮಿಕ್ಕ ತುಂಡಿನಲ್ಲಿ ಕತ್ತರಿಸಿ ಕೊಟ್ಟ ಗಾಜು. ಬಿ.ಎಚ್. ರಸ್ತೆ ಧೂಳಿಗೆ, ಒದ್ದೆ ಬಣ್ಣದ ಮೇಲೆ ಮಗುಚೋಕೆ ಒಂದು ಪ್ಲಾಸ್ಟಿಕ್ ಡಬ್ಬ.

ಇನ್ನೊಂದು ವಿಷಯ ಯಾರೂ ಹೇಳಲ್ಲ, ನೆಲ. ಚಿಮಟದಿಂದ ಚಿಮ್ಮಿದ ಭಾಗ ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದರೆ ಟಾರ್ಚ್ ಹಿಡಿದು ಹುಡುಕಬಹುದು. ಚುಕ್ಕೆ ಚುಕ್ಕೆ ಮೊಸಾಯಿಕ್ ಮೇಲೆ ಬಿದ್ದರೆ ಆಸೆ ಬಿಡಿ. ಪ್ಯಾಂಟ್ ಬದಲು ಪಂಚೆ ಉಟ್ಟುಕೊಂಡು ಕೂತರೆ ಬಿದ್ದದ್ದು ಮಡಿಲಲ್ಲೇ ಉಳಿಯುತ್ತೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆದಮೇಲೆ ನಮ್ಮ ಬೀದಿ ಹುಡುಗರಿಗೂ ಇದರ ಮೇಲೆ ಕಣ್ಣು ಬಿದ್ದಿದೆ. "ಅಂಕಲ್, ಹೆಲಿಕಾಪ್ಟರ್ ಕಿಟ್ ಇದೆಯಾ?" ಅಂತ ಬರುತ್ತಾರೆ. ಇದೆ. ಒಂದೇ ಥರದ್ದು ಎರಡೆರಡು ಇರುವವೂ ಇವೆ. ತುಮಕೂರಲ್ಲಿ ಯಾರಾದರೂ ಹೊಸದಾಗಿ ಶುರು ಮಾಡುವವರು ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಒಂದು ಕೊಡುತ್ತೇನೆ. ಬರುವಾಗ ನಿಮ್ಮ ಟೇಬಲ್ ಫೋಟೋ ತನ್ನಿ.