ಡೆಲ್ಲಿಗೆ ಹೋಗಿ ಬಂದ ತೆಂಗಿನ ನಾರು

ಮೊಬೈಲು ತೆರೆದರೆ ಸಾಕು, ಯಾರೋ ಒಬ್ಬರು ತಮ್ಮ ಸಿಂಕ್ ತೋರಿಸುತ್ತಾರೆ. ಹಿಂದೆಲ್ಲ ಜನ ಹೊಸ ಸೀರೆ ತೋರಿಸುತ್ತಿದ್ದರು, ಕಾರು ತೋರಿಸುತ್ತಿದ್ದರು. ಈಗ ಸಿಂಕ್. ಅದರ ಪಕ್ಕ ಮರದ ಹಿಡಿಯ ಬ್ರಷ್, ಗಾಜಿನ ಬಾಟಲಿಯಲ್ಲಿ ಕಂದು ನೀರು, ಬಿದಿರಿನ ತಟ್ಟೆಯಲ್ಲಿ ಒಂದು ಸೋಪು. ಎಂಜಲು ಪಾತ್ರೆ ಮಾತ್ರ ಒಂದೂ ಇರುವುದಿಲ್ಲ. ಅವರ ಮನೆಯಲ್ಲಿ ಹಾಲು ಉಕ್ಕುವುದಿಲ್ಲ, ಸಾರು ತಳ ಹಿಡಿಯುವುದಿಲ್ಲ, ಹಲಸಿನಕಾಯಿ ಕೊಯ್ದ ಕತ್ತಿಗೆ ಮೇಣ ಅಂಟುವುದಿಲ್ಲ. "ಇವತ್ತಿನಿಂದ ನಮ್ಮ ಅಡುಗೆಮನೆ ಪ್ಲಾಸ್ಟಿಕ್ ಮುಕ್ತ" ಅನ್ನುತ್ತಾರೆ. ಕೆಳಗೆ ಕೊಳ್ಳುವ ಲಿಂಕ್.

ಕಾಸರಗೋಡಿನಲ್ಲಿ ಕೂತು ಇದನ್ನು ನೋಡುವ ಸುಖವೇ ಬೇರೆ. ಬದಿಯಡ್ಕದ ಆಚೆ ನಮ್ಮ ಭಾವನ ತೋಟ ಇದೆ. ಅಂಗಳದ ಮೂಲೆಯಲ್ಲಿ ತೆಂಗಿನ ಸಿಪ್ಪೆ ಆಳೆತ್ತರ ಬಿದ್ದಿದೆ. ಅಂಥ ಮನೆಗೆ ಮೊನ್ನೆ ಒಂದು ಪಾರ್ಸೆಲ್ ಬಂತು. ಮೇಲೆ ಪ್ಲಾಸ್ಟಿಕ್ ಚೀಲ, ಒಳಗೆ ರಟ್ಟಿನ ಪೆಟ್ಟಿಗೆ, ಅದರೊಳಗೆ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್, ಅದರೊಳಗೆ ತೆಂಗಿನ ನಾರಿನ ಮೂರು ಉಂಡೆ. ಇನ್ನೂರು ಚಿಲ್ಲರೆ ರೂಪಾಯಿ. ಹೊರಟ ಊರು ಡೆಲ್ಲಿ ಅಂತ ಚೀಟಿಯಲ್ಲಿತ್ತು.

"ಇದೆಂತದು? ಸಿಪ್ಪೆಯ ನಾರಲ್ವಾ?" ಅಂದಳು ಅಕ್ಕ.

"ಅಲ್ಲ ಮಾರಾಯ್ತಿ, ಇದು ಎಕೋ ಫ್ರೆಂಡ್ಲಿ." ಭಾವನ ಉತ್ತರ.

ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ 'ಕೇರಳದ ಹಳ್ಳಿಗಳಿಂದ' ಅಂತ ಬರೆದಿತ್ತು. ನಾರಿನ ತಪ್ಪಿಲ್ಲ. ಇಲ್ಲಿ ಬಿದ್ದುಕೊಂಡಿದ್ದರೆ ಅದಕ್ಕೆ ಯಾರು ಮರ್ಯಾದೆ ಕೊಡುತ್ತಿದ್ದರು? ಕಾಸರಗೋಡಿನ ಹುಡುಗರ ಹಾಗೆ ಅದೂ ಹೊರಗೆ ಹೋಗಿ ಹೆಸರು ಮಾಡಿ ಬರಬೇಕಾಯಿತು.

ಜೊತೆಗೆ ಒಂದು ಸೋಪೂ ಬಂದಿತ್ತು. ಶುದ್ಧ ತೆಂಗಿನೆಣ್ಣೆಯದು. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿದಾಗ ದೋಸೆ ಕಾವಲಿಗೆ ಎಣ್ಣೆ ಸವರಲು ನಮ್ಮವರ ಕೈ ನಡುಗುತ್ತಿತ್ತು. ಈಗ ಆ ಕಾವಲಿಯ ಜಿಡ್ಡು ತೆಗೆಯಲು ಅದೇ ಎಣ್ಣೆಯ ಸೋಪು. ದೋಸೆಗಿಂತ ಕಾವಲಿ ತೊಳೆದ ನೀರೇ ಘಮಘಮ.

ಹಾಗಂತ ಅಜ್ಜಿಯ ಕಾಲದಲ್ಲಿ ಎಲ್ಲ ಸರಿ ಇತ್ತು ಅಂತ ನಾನು ಹೇಳುವುದಿಲ್ಲ. ಆ ಭಜನೆಯೂ ಬೇಜಾರು ತರಿಸಿದೆ. ಬೂದಿ ಒಳ್ಳೆಯದೇ. ಅದರಲ್ಲಿರುವ ಕ್ಷಾರ ಪಾತ್ರೆಯ ಜಿಡ್ಡಿನ ಜೊತೆ ಸೇರಿ ತಾನೇ ಸೋಪಾಗುತ್ತದೆ. ಆದರೆ ಬೂದಿ ಬರುವುದು ಎಲ್ಲಿಂದ? ಬಚ್ಚಲ ಒಲೆ ಇದ್ದ ಜಾಗದಲ್ಲಿ ಈಗ ಗೀಸರ್. ಇನ್ನು ಅಲ್ಯೂಮಿನಿಯಂ ಪಾತ್ರೆಗೆ ಬೂದಿ ಹಾಕಿ ತಿಕ್ಕಿದರೆ ಪಾತ್ರೆಯೇ ಕಪ್ಪಾಗುತ್ತದೆ. ನಾನ್‌ಸ್ಟಿಕ್‌ಗೆ ಹಾಕಿದರೆ ಮನೆಯಲ್ಲಿ ಜಗಳ. ಅಂಟುವಾಳಕಾಯಿ ಬೇಯಿಸಿ, ಕಿವುಚಿ, ಸೋಸಿ, ಬಾಟಲಿಗೆ ತುಂಬಿ ಅಂತ ಸಲಹೆ ಕೊಡುವವರು ಬಹಳ. ಬೇಯಿಸಿದ ಪಾತ್ರೆ, ಸೋಸಿದ ಬಟ್ಟೆ, ಜರಡಿ, ಲೋಟ ಎಲ್ಲ ಮತ್ತೆ ಸಿಂಕಿಗೇ ಬಂದು ಬೀಳುತ್ತವೆ. ಪಾತ್ರೆ ತೊಳೆಯುವ ನೀರು ತಯಾರಿಸಲು ಇನ್ನಷ್ಟು ಪಾತ್ರೆ. ಹಿತ್ತಾಳೆ ದೀಪಕ್ಕೆ ಬೀಂಬುಳಿ ಎಂಬ ಹುಳಿಕಾಯಿ ಹಾಕಿ ತಿಕ್ಕಿದರೆ ಆಗುವ ಹೊಳಪು ಬೇರೆ ಯಾವುದಕ್ಕೂ ಬರುವುದಿಲ್ಲ, ಅದೊಂದನ್ನು ಒಪ್ಪುತ್ತೇನೆ. ಯಾರೂ ಅದನ್ನು ಪೆಟ್ಟಿಗೆಗೆ ಹಾಕಿ ಮಾರುತ್ತಿಲ್ಲ. ಸದ್ಯ, ನಾನು ಐಡಿಯಾ ಕೊಡುವುದಿಲ್ಲ.

ಇನ್ನು ರೀಫಿಲ್ ಪೌಚ್ ಅಂತ ಒಂದಿದೆ. ಬಾಟಲಿ ಕೊಳ್ಳಬೇಡಿ, ಪೌಚ್ ಕೊಳ್ಳಿ, ಭೂಮಿ ಉಳಿಸಿ. ಪೌಚ್ ಯಾವುದರದ್ದು? ಹಲವು ಪದರದ ಪ್ಲಾಸ್ಟಿಕ್. ಬಾಟಲಿಯನ್ನಾದರೂ ಗುಜರಿಯವನು ತೆಗೆದುಕೊಳ್ಳುತ್ತಾನೆ. ಪೌಚ್ ಕಂಡರೆ ಅವನೂ ಮುಖ ತಿರುಗಿಸುತ್ತಾನೆ. ಅದನ್ನು ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಗೇ ಕೊಡಬೇಕು. ಹಸಿರು ಕೋಟು ಹಾಕಿಕೊಂಡು, ಗುಡ್ಡ ಹತ್ತಿ ಇಳಿದು, ನಾಯಿಯಿಂದ ತಪ್ಪಿಸಿಕೊಂಡು ನಮ್ಮ ಗೇಟಿಗೆ ಬರುವ ಹೆಂಗಸರವರು. ತಿಂಗಳಿಗೆ 50 ರೂಪಾಯಿ ಕೊಡಲು ನಮ್ಮ ದೊಡ್ಡ ಮನೆಯವರು ಅವರ ಹತ್ತಿರ ಕಾನೂನು ಮಾತಾಡುತ್ತಾರೆ. ಇನ್ನೂರು ಕೊಟ್ಟು ನಾರು ತರಿಸಿದ ಮನೆಯವರೇ ಅಲ್ವಾ!

ಸೇನೆಗೆ ಕೊಡುವ ಪ್ಲಾಸ್ಟಿಕ್ ತೊಳೆದಿರಬೇಕು, ಒಣಗಿರಬೇಕು. ನ್ಯಾಯವೇ. ಗಲೀಜು ವಿಂಗಡಿಸುವುದು ಅವರ ಕೈ. ಆದರೆ ಪಾತ್ರೆ ಸೋಪಿನ ಪೌಚನ್ನು ತೊಳೆದು ನೋಡಿ. ನೀರು ಹಾಕಿದರೆ ನೊರೆ. ಚೆಲ್ಲಿ ಮತ್ತೆ ಹಾಕಿದರೆ ಮತ್ತೆ ನೊರೆ. ಒಂದು ಪೌಚ್ ತೊಳೆಯುವ ನೀರಿನಲ್ಲಿ ಇಡೀ ಮನೆಯ ಪಾತ್ರೆ ಮುಗಿಯುತ್ತದೆ. ಆಮೇಲೆ ಒಣಗಿಸಬೇಕು. ಆಟಿ ತಿಂಗಳ ಮಳೆಯಲ್ಲಿ ಚಡ್ಡಿಯೇ ಒಣಗುವುದಿಲ್ಲ, ಪೌಚ್ ಒಣಗೀತೇ? ಹಗ್ಗದ ಮೇಲೆ ಹಾಲಿನ ಕವರು, ಸೋಪಿನ ಪೌಚು, ಬನಿಯನ್ನು ಸಾಲಾಗಿ ನೇತಾಡುವುದನ್ನು ನೋಡಿ ನೆಂಟರು "ಇವತ್ತು ಏನು ವಿಶೇಷ?" ಅಂತ ಕೇಳುತ್ತಾರೆ.

ಪೌಚ್ ಮಾಡಿದವನು ಮಾತ್ರ ಏನೂ ತೊಳೆಯುವುದಿಲ್ಲ. 2022ರ ಜುಲೈ 1ರಂದು ದೇಶದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧ ಬಂತು. ಕಿವಿಗೆ ಹಾಕುವ ಕಡ್ಡಿ ಸಿಕ್ಕಿಬಿತ್ತು. ಬಲೂನಿನ ಕಡ್ಡಿ, ಐಸ್‌ಕ್ರೀಮ್ ಕಡ್ಡಿ ಸಿಕ್ಕಿಬಿದ್ದವು. ಅಂಗಡಿಯ ಬಾಗಿಲಿಗೆ ಮಾಲೆ ಮಾಲೆಯಾಗಿ ನೇತಾಡುವ ಶ್ಯಾಂಪೂ ಸ್ಯಾಶೆ, ಸೋಪಿನ ಸ್ಯಾಶೆ ಎಲ್ಲ ಪಾರು. ಕಡ್ಡಿ ಮಾಡುವವರಿಗೆ ಪಾಪ, ದೊಡ್ಡವರ ಪರಿಚಯ ಇರಲಿಲ್ಲ. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿತು. 'ಹಸಿರು', 'ಪರಿಸರಸ್ನೇಹಿ' ಅಂತ ಸುಮ್ನೆ ಬರೆದರೆ ಸಾಲದು, ಆಧಾರ ತೋರಿಸಬೇಕು ಅಂತ. ಅದನ್ನು ಓದುತ್ತಾ ಅಂಗಡಿಯಲ್ಲಿ ನಿಲ್ಲುವವರು ಯಾರು? ಬಾಟಲಿಯ ಮೇಲೆ ಒಂದು ಎಲೆಯ ಚಿತ್ರ ಇದ್ದರೆ ನಮಗೆ ನಂಬಿಕೆ. ಎರಡು ಎಲೆ ಇದ್ದರೆ 20 ರೂಪಾಯಿ ಜಾಸ್ತಿ ಕೊಡುತ್ತೇವೆ.

ಇಷ್ಟೆಲ್ಲ ನಗಬಹುದು. ಆದರೆ ಮೊನ್ನೆ ಒಬ್ಬರು ಭಾಷಣದಲ್ಲಿ "ಕಾಸರಗೋಡಿನ ಗೃಹಿಣಿಯರಲ್ಲಿ ಪರಿಸರ ಪ್ರಜ್ಞೆ ಬೆಳೆಯಬೇಕು" ಅಂದಾಗ ನಗು ಬರಲಿಲ್ಲ. ಈ ಜಿಲ್ಲೆಯ ಗೃಹಿಣಿಯರಿಗೆ ಹೇಳುವ ಮಾತಾ ಇದು? ಸರ್ಕಾರದ್ದೇ ಗೇರು ತೋಟಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಬಾವಿ ಮುಚ್ಚಿಕೊಳ್ಳಿ ಅಂದರು, ಮುಗಿಯಿತು. ತೋಡನ್ನು ಮುಚ್ಚುವುದು ಹೇಗೆ? ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಿಂದ ಹಗಲು ರಾತ್ರಿ ಹರಿದು ಬರುವ ನೀರನ್ನು ಮುಚ್ಚುವುದು ಹೇಗೆ? ಆ ನೀರಿನಲ್ಲೇ ಅನ್ನ ಮಾಡಿದರು, ಆ ನೀರಿನಲ್ಲೇ ಪಾತ್ರೆ ತೊಳೆದರು. ಎಣ್ಮಕಜೆಯಲ್ಲಿ, ಮುಳಿಯಾರಿನಲ್ಲಿ ಎದ್ದು ನಡೆಯಲಾರದ ಮಕ್ಕಳನ್ನು ಮಡಿಲಲ್ಲೇ ಇಟ್ಟುಕೊಂಡು ಮುದುಕಿಯರಾದ ತಾಯಂದಿರಿದ್ದಾರೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂದಿತು. 2022ರಲ್ಲಿ ಅದೇ ಕೋರ್ಟು ಇನ್ನೂ ಯಾಕೆ ಕೊಟ್ಟಿಲ್ಲ ಅಂತ ಗದರಬೇಕಾಯಿತು. ಆ ತಾಯಂದಿರ ಮುಂದೆ ನಿಂತು ಸ್ಪಂಜಿನಿಂದ ಉದುರುವ ಪ್ಲಾಸ್ಟಿಕ್ ಕಣದ ಬಗ್ಗೆ ಪಾಠ ಮಾಡುವವರಿಗೆ ಏನು ಹೇಳುವುದು? ಕಣ ಉದುರುವುದು ನಿಜ. ಸ್ಪಂಜು ಬೇಡ ಅನ್ನುವುದೂ ಸರಿ. ಹೇಳುವ ಬಾಯಿ ಸರಿ ಇಲ್ಲ.

ಇಲ್ಲಿನ ಮನೆಗಳಲ್ಲಿ ಪಾತ್ರೆ ತೊಳೆದ ನೀರು ಹೋಗುವುದು ಬಾಳೆ ಬುಡಕ್ಕೆ, ಕೆಸುವಿನ ಬುಡಕ್ಕೆ. ಸೋಪು ಹೇಗಿದೆ ಅಂತ ತಿಳಿಯಲು ಇದಕ್ಕಿಂತ ದೊಡ್ಡ ಲ್ಯಾಬ್ ಬೇಡ. ಎಲೆ ಹಳದಿಯಾದರೆ ಅಕ್ಕ ಸೋಪು ಬದಲಿಸುತ್ತಾಳೆ. ವಿಡಿಯೋ ಮಾಡುವುದಿಲ್ಲ.

ವಿಡಿಯೋ ನೋಡುವುದು, ಆರ್ಡರ್ ಮಾಡುವುದು, ಬಂದ ಮೇಲೆ ನೆಂಟರಿಗೆ ವಿವರಿಸುವುದು ಎಲ್ಲ ಭಾವನ ಇಲಾಖೆ. ತೊಳೆಯುವುದು ಅಕ್ಕನದು. ನಾರು ಹೊಸದಾಯಿತು, ಸೋಪು ಹೊಸದಾಯಿತು, ಇಲಾಖೆ ಹಂಚಿಕೆ ಹಳೆಯದೇ. ಊಟ ಮಾಡಿದವರು ಎದ್ದು ತಮ್ಮ ಬಟ್ಟಲು ತಾವೇ ತೊಳೆಯುವ ಹಾಗೆ ಮಾಡುವ ಸಾಮಾನು ಏನಾದರೂ ಡೆಲ್ಲಿಯಲ್ಲಿ ಸಿಗುತ್ತದಾ ಅಂತ ಅಕ್ಕ ಕೇಳಿದ್ದಾಳೆ. ಅದಕ್ಕೆ ಎಷ್ಟು ಪದರ ಪ್ಲಾಸ್ಟಿಕ್ ಸುತ್ತಿದ್ದರೂ ಅವಳದ್ದೇನೂ ತಕರಾರಿಲ್ಲವಂತೆ.